ಅಜ್ಜಿ ಅಂಗಡಿಗೆ 87 ಮೀಟರ್

ಮಾದಕ ವಸ್ತು ವಿರೋಧಿ ದಿನ ಬರುವುದು ಜೂನ್ 26ಕ್ಕೆ. 2022ರಲ್ಲಿ ಅದು ಭಾನುವಾರ ಬಿದ್ದಿತ್ತು. ಹಾಗಾಗಿ ಶನಿವಾರದ ಬೆಳಗಿನ ಶಾಲೆಯಲ್ಲೇ ಕಾರ್ಯಕ್ರಮ ಮುಗಿಸಿ, ಫೋಟೊ ಕಳಿಸಿ ಅಂತ ಮೆಸೇಜು ಬಂತು. ನಮ್ಮ ಹೆಡ್‌ಮಾಸ್ಟರು ಸ್ಟಾಫ್ ರೂಮಿಗೆ ಬಂದು ಸುತ್ತ ನೋಡಿದರು. ವಿಜ್ಞಾನದ ಮೇಡಂ ರಜೆ. ಪಿ.ಟಿ. ಮೇಷ್ಟ್ರು ಯಾವುದೋ ಕೆಲಸಕ್ಕೆ ಮಂಡ್ಯಕ್ಕೆ ಹೋಗಿದ್ದರು. ಕೈಗೆ ಸಿಕ್ಕವನು ಲೆಕ್ಕದ ಮೇಷ್ಟ್ರಾದ ನಾನು.

"ನೀವೇ ಏನಾದ್ರೂ ಮಾಡಿ ಸಾರ್. ಪ್ರತಿಜ್ಞೆ ಹೇಳ್ಸಿ, ನಾಲ್ಕು ಮಾತಾಡಿ. ಹಾಂ, ಹಿಂಸೆ ಬಗ್ಗೇನೂ ಸೇರಿಸ್ಬೇಕಂತೆ."

ನಮ್ಮದು ಮಂಡ್ಯ ಜಿಲ್ಲೆಯಲ್ಲಿ ನಾಲೆ ಪಕ್ಕದ ಒಂದು ಊರು. ಸುತ್ತ ಕಬ್ಬು, ಅಲ್ಲೊಂದು ಇಲ್ಲೊಂದು ಆಲೆಮನೆ. ಹಿಂದಿನ ವರ್ಷಗಳಲ್ಲಿ ಈ ಕಾರ್ಯಕ್ರಮ ಹೇಗೆ ನಡೆಯುತ್ತಿತ್ತು ಅಂತ ನೋಡಿದ್ದೆ. ಒಂದು ತಲೆಬುರುಡೆ ಚಿತ್ರ, ಒಂದು ಕಪ್ಪಾದ ಶ್ವಾಸಕೋಶದ ಚಿತ್ರ. ಮಕ್ಕಳು 'ಥೂ' ಅನ್ನುತ್ತಿದ್ದರು, ಪ್ರತಿಜ್ಞೆ ಕೂಗುತ್ತಿದ್ದರು. ಸಂಜೆ ಶೌಚಾಲಯದ ಹಿಂದೆ ನೋಡಿದರೆ ಖಾಲಿ ಪೊಟ್ಟಣ ಹಾಗೇ ಬಿದ್ದಿರುತ್ತಿದ್ದವು. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1983ರಲ್ಲಿ 'ಡೇರ್' ಅಂತ ಒಂದು ಕಾರ್ಯಕ್ರಮ ಶುರು ಮಾಡಿದ್ದರು. ಪೊಲೀಸರೇ ಕ್ಲಾಸಿಗೆ ಬಂದು ಡ್ರಗ್ಸ್ ಬೇಡ ಅಂತ ಪಾಠ ಹೇಳುವುದು. ದೇಶದ ತುಂಬ ಹಬ್ಬಿತು. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಆ ಪಾಠ ಕೇಳಿದ ಮಕ್ಕಳಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಭಾಷಣ ನನಗೂ ಬರಲ್ಲ. ಬರುವುದು ಲೆಕ್ಕ. 2003ರ ತಂಬಾಕು ಕಾಯ್ದೆ ನೆನಪಾಯಿತು. ಆಗಿನ ಲೆಕ್ಕದಲ್ಲಿ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿರಲಿಲ್ಲ. ಆ 100 ಗಜವನ್ನು ದಾರಿ ಹಿಡಿದು ಅಳೆಯುವುದಲ್ಲ, ಕಾಂಪೌಂಡಿನ ಹೊರ ಅಂಚಿನಿಂದ ನೇರವಾಗಿ, ತ್ರಿಜ್ಯದ ಹಾಗೆ ಅಳೆಯಬೇಕು ಅಂತ ನಿಯಮದಲ್ಲೇ ಇದೆ. 100 ಗಜ ಅಂದರೆ 91.44 ಮೀಟರ್. ಇದಕ್ಕಿಂತ ಒಳ್ಳೆ ಲೆಕ್ಕ ಬೇಕಾ? ಹತ್ತನೇ ಕ್ಲಾಸಿನವರನ್ನು ಎಬ್ಬಿಸಿ, ಪಿ.ಟಿ. ಮೇಷ್ಟ್ರ ಬೀರುವಿನಿಂದ ಟೇಪು ತೆಗೆಸಿ ಹೊರಟೆ. ಲಾಂಗ್ ಜಂಪಿಗೆ ಎಳೆದೂ ಎಳೆದೂ ಆ ಟೇಪಿನ ಮೊದಲ ಎರಡು ಮೀಟರಿನ ಅಂಕಿಗಳೇ ಅಳಿಸಿಹೋಗಿದ್ದವು.

ನಮ್ಮ ಗೇಟಿರುವುದು ಕಾಂಪೌಂಡಿನ ಮೂಲೆಯಲ್ಲಿ. ಅಲ್ಲಿಂದ ಅರಳಿಕಟ್ಟೆವರೆಗೆ ನೇರ ರಸ್ತೆ, 60 ಮೀಟರ್. ಕಟ್ಟೆ ಹತ್ತಿರ ಸರಿಯಾಗಿ ಲಂಬಕೋನದಲ್ಲಿ ಬಲಕ್ಕೆ ತಿರುಗಿ 63 ಮೀಟರ್ ಹೋದರೆ ಒಂದು ಪೆಟ್ಟಿಗೆ ಅಂಗಡಿ. ದಾರಿ ಲೆಕ್ಕದಲ್ಲಿ 123 ಮೀಟರ್. "ಆಚೆಗೈತೆ ಸಾ, ಸರಿಯಾಗೈತೆ" ಅಂದರು ಹುಡುಗರು. ನೇರ ಎಷ್ಟು ಅಂತ ಕೇಳಿದೆ. ಮಧ್ಯೆ ಕಬ್ಬಿನ ಗದ್ದೆ, ಟೇಪು ಹಿಡಿಯೋಕೆ ಆಗಲ್ಲ. ಲೆಕ್ಕದಲ್ಲಿ ಚುರುಕಾದ ಒಬ್ಬ ಹುಡುಗಿ ಇದ್ದಳು. ಅಲ್ಲೇ ಕುಕ್ಕರಗಾಲಲ್ಲಿ ಕೂತು, ಒಂದು ಕಡ್ಡಿಯಿಂದ ಮಣ್ಣಿನ ಮೇಲೆ ಬರೆದಳು. ಅರವತ್ತರ ವರ್ಗ 3600. ಅರವತ್ತಮೂರರ ವರ್ಗ 3969. ಕೂಡಿದರೆ 7569.

"ಎಂಬತ್ತೇಳು ಸಾರ್. ಸರಿಯಾಗಿ ಎಂಬತ್ತೇಳು."

ವರ್ಗಮೂಲ ಹೀಗೆ ಚೂರೂ ಉಳಿಯದೆ ಬಂದರೆ ಲೆಕ್ಕದ ಮೇಷ್ಟ್ರಿಗೆ ಆಗುವ ಖುಷಿ ಬೇರೆಯವರಿಗೆ ಗೊತ್ತಾಗಲ್ಲ. ಆ ಖುಷಿಯಲ್ಲಿ ನಾನು ಅವಳ ಮುಖ ನೋಡಲಿಲ್ಲ. "ನೋಡಿ, ಕಾನೂನು ಪ್ರಕಾರ ಈ ಅಂಗಡಿ ತಪ್ಪು" ಅಂತ ಜೋರಾಗಿ ಹೇಳಿ, ಟೇಪು ಹಿಡಿದ ಮಕ್ಕಳ ಫೋಟೊ ತೆಗೆದೆ. ಕಳಿಸಿದ ಫೋಟೊಗೆ ಮೇಲಿನಿಂದ ಹೆಬ್ಬೆರಳಿನ ಗುರುತೂ ಬಂತು.

ಆ ಅಂಗಡಿ ಅವಳ ಅಜ್ಜಿಯದು.

ಇದು ನನಗೆ ಗೊತ್ತಿರಲಿಲ್ಲ ಅಂತ ಬರೆದುಬಿಡಬಹುದಿತ್ತು. ಆದರೆ ಗೊತ್ತಿತ್ತು. ಅಲ್ಲಿ ನಾನೇ ಎಷ್ಟೋ ಸಲ ಎಲೆ ಅಡಿಕೆ ಕೊಂಡಿದ್ದೇನೆ. ಲೆಕ್ಕದ ಗುಂಗಿನಲ್ಲಿ ಮರೆತಿದ್ದೆ, ಅಷ್ಟೇ.

ಸೋಮವಾರ ಬಿಸಿಯೂಟದ ಹೊತ್ತಿಗೆ ಗಲಾಟೆ ಆಯಿತು. ಅವಳಿಗೆ 'ಎಂಬತ್ತೇಳು' ಅಂತ ಹೆಸರಿಟ್ಟಿದ್ದರು. ತಟ್ಟೆ ಹಿಡಿದು ಸಾಲಲ್ಲಿ ನಿಂತಾಗ ಹಿಂದಿನಿಂದ ಒಬ್ಬ ಹುಡುಗ ಸಣ್ಣಗೆ "ಎಂಬತ್ತೇಳು, ಎಂಬತ್ತೇಳು, ಎರಡು ಪೊಟ್ಣ ಕೊಡು" ಅಂದನಂತೆ. ಅವಳು ಸೀದಾ ಕ್ಲಾಸಿಗೆ ಹೋಗಿ, ಜಾಮಿಟ್ರಿ ಬಾಕ್ಸ್ ತಂದು ಅವನ ಮುಖಕ್ಕೆ ಬೀಸಿದಳು. ಹುಬ್ಬಿನ ಮೇಲೆ ಸೀಳಿತು. ಆಸ್ಪತ್ರೆಯಲ್ಲಿ ಎರಡು ಹೊಲಿಗೆ. ಅವನ ಬಿಳಿ ಶರ್ಟಿನ ಜೇಬಿನವರೆಗೂ ರಕ್ತ ಇಳಿದಿತ್ತು.

"ಹಿಂಸೆ ಬಗ್ಗೇನೂ ಹೇಳಿದ್ರಾ ಸಾರ್?" ಅಂತ ಕೇಳಿದರು ಹೆಡ್‌ಮಾಸ್ಟರು. ನಿಜವಾಗಿ ಕೇಳಿದರೋ ಚುಚ್ಚಿದರೋ ಇವತ್ತಿಗೂ ತಿಳಿದಿಲ್ಲ.

ಮಾರನೇ ದಿನ ಕ್ಲಾಸಿಗೆ ಹೋದೆ. ಇಬ್ಬರೂ ಬಂದಿದ್ದರು, ಅವನು ಹಣೆಗೆ ಪಟ್ಟಿ ಕಟ್ಟಿಕೊಂಡು. ಶನಿವಾರ ತಪ್ಪು ಮಾಡಿದ್ದು ನಾನು, ಒಂದು ಮನೆಯನ್ನು ಎಲ್ಲರೆದುರು ನಿಲ್ಲಿಸಿ ಅಳತೆ ತೆಗೆದೆ ಅಂತ ಹೇಳಿದೆ. ಮೇಷ್ಟ್ರು ತಪ್ಪೊಪ್ಪಿಕೊಂಡರೆ ಮಕ್ಕಳಿಗೆ ಮುಜುಗರ ಆಗುತ್ತೆ, ಕಿಟಕಿ ಕಡೆ ನೋಡುತ್ತಾರೆ. ಹೊಡೆತಕ್ಕೆ ಅವಳಿಂದಲೂ ಅಣಕಕ್ಕೆ ಅವನಿಂದಲೂ ಕ್ಷಮೆ ಕೇಳಿಸಿದೆ. ಇಬ್ಬರೂ ನೆಲ ನೋಡಿಕೊಂಡು ಕೇಳಿದರು.

ಆಮೇಲೆ ಬೇರೆ ಪ್ರಶ್ನೆ ಹಾಕಿದೆ. ಮನೆಯವರಿಗೆ ಬೀಡಿಯೋ, ಪೊಟ್ಟಣವೋ, ನೈಂಟಿಯೋ ತಂದುಕೊಟ್ಟವರು ಯಾರ್‍ಯಾರು? ಮೊದಲು ಯಾರೂ ಅಲ್ಲಾಡಲಿಲ್ಲ. ಒಂದು ಕೈ ಎದ್ದಿತು. ಆಮೇಲೆ ಇನ್ನೊಂದು. ಕೊನೆಗೆ ಅರ್ಧ ಕ್ಲಾಸಿಗಿಂತ ಜಾಸ್ತಿ. ಪಟ್ಟಿ ಕಟ್ಟಿದ್ದವನೂ ಕೈ ಎತ್ತಿದ್ದ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ, ಮಕ್ಕಳ ಕೈಗೆ ಮದ್ಯ ಅಥವಾ ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ ಅಂದೆ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, "ಹಂಗಾರೆ ಅಂಗಡಿಯವ್ರುನ್ನ ಹಿಡ್ಕೊಂಡೋಯ್ತಾರಾ ಸಾ, ನಮ್ಮಪ್ಪನ್ನ?" ಆ ದನಿಯಲ್ಲಿ ಆಸೆ ಇತ್ತೋ ಭಯ ಇತ್ತೋ! ಕ್ಲಾಸ್ ಮುಗಿದ ಮೇಲೆ ಅವನನ್ನು ಕರೆದು 1098 ನಂಬರ್ ಕೊಟ್ಟೆ, ಮಕ್ಕಳು ಯಾವ ಹೊತ್ತಲ್ಲಾದರೂ ಮಾಡಬಹುದಾದ ಫೋನು. ಬಿಡಬೇಕು ಅನ್ನುವ ದೊಡ್ಡವರಿಗೆ 14446 ಇದೆ, ಅದನ್ನೂ ಬರೆದುಕೊಟ್ಟೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸಾಕ್ಸ್ ಒಳಗೆ ಇಟ್ಟುಕೊಂಡ.

ಪೋಸ್ಟರಿನಲ್ಲಿ 'ಬೇಡ ಎನ್ನಿ' ಅಂತ ಇರುತ್ತೆ ಅಲ್ವಾ? ಚಿತ್ರದಲ್ಲಿ ಕೊಡುವವನು ಕಪ್ಪು ಕೋಟಿನ, ಮುಖ ಕಾಣದ ಯಾರೋ ಒಬ್ಬ. ನಮ್ಮ ಕಡೆ ಅಂಥವನು ಬರುವುದೇ ಇಲ್ಲ. ಕೊಡುವವನು ಸೋದರಮಾವ. ಜಾಗ ಬೀಗರೂಟ. "ಗಂಡ್ಸಲ್ವೇನ್ಲಾ, ಒಂದ್ ಗುಟ್ಕು ಕುಡಿ" ಅಂತ ಪ್ರೀತಿಯಿಂದ ಕೊಡುತ್ತಾನೆ. ಬೇಡ ಅಂದರೆ ಅವನಿಗೆ ಅವಮಾನ. ಹಾಗಾಗಿ ಅದನ್ನೇ ಆಡಿಸಿದೆ. ಒಬ್ಬ ಮಾವ, ಒಬ್ಬ ಅಳಿಯ, ನೀರಿನ ಬಾಟಲಿಯೇ ಬಾಟಲಿ. ಮಾವನ ಪಾರ್ಟು ಮಾಡೋಕೆ ಜಗಳ ಬಿತ್ತು. ಎಲ್ಲರಿಗೂ ಮಾತು ಬಾಯಿಪಾಠ. ಅಳಿಯನ ಪಾರ್ಟಿಗೆ ಮಾತೇ ಇರಲಿಲ್ಲ. ಒಬ್ಬ 'ಹೊಟ್ಟೆನೋವು ಮಾವ' ಅಂದ. 'ಇದ್ನ ಕುಡಿ, ಹೋಯ್ತದೆ' ಅಂದ ಮಾವ. ಇನ್ನೊಬ್ಬ ಮಾತ್ರೆ ನುಂಗಿದ್ದೀನಿ ಅಂದು ಸ್ವಲ್ಪ ಹೊತ್ತು ತಡೆದ.

ಕೊನೆಗೆ ಪಟ್ಟಿ ಕಟ್ಟಿದ್ದ ಹುಡುಗ ಎದ್ದು ಬಂದ. ಮಾವ ಬಾಟಲಿ ಚಾಚಿದ. ಇವನು ಮೂಲೆಯಲ್ಲಿದ್ದ ಕಸದ ಬಕೆಟ್ ಎತ್ತಿಕೊಂಡು, "ಇರಿ ಮಾವ, ಆ ಪಂಕ್ತಿಗೆ ಸಾರಿಲ್ಲ" ಅಂತ ಬೆಂಚಿನ ಸಾಲಿಗೆ ಬಡಿಸುತ್ತ ಹೊರಟೇಬಿಟ್ಟ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಹೋದ ತಿಂಗಳು ನಿಜವಾಗಿಯೂ ಹೀಗೇ ಮಾಡಿದ್ದನಂತೆ. "ಬಕೆಟ್ ಹಿಡ್ದೋನ್ಗೆ ಯಾರೂ ಲೋಟ ಕೊಡಕ್ಕಿಲ್ಲ ಸಾ" ಅಂದ. ಯಾವ ತರಬೇತಿಯಲ್ಲೂ ಇಷ್ಟು ಕೆಲಸಕ್ಕೆ ಬರುವ ಮಾತು ನಾನು ಕೇಳಿರಲಿಲ್ಲ. ಆ ಹುಡುಗಿಯೂ ನಕ್ಕಿದ್ದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

ಸಂಜೆ ಅಂಗಡಿಗೆ ಹೋದೆ. ಮುಂದೆ ಪೊಟ್ಟಣಗಳ ಸರ ತೂಗುತ್ತಿತ್ತು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ ಆದ ಮೇಲೆ ಒಂದು ಪೊಟ್ಟಣ ಎರಡಾಗಿದೆ. ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ತಂಬಾಕು. ಕೂಡುವ ಲೆಕ್ಕವನ್ನು ಬಾಯೊಳಗೆ ಮಾಡಿಕೊಳ್ಳುತ್ತಾರೆ.

"ಬನ್ನಿ ಮೇಷ್ಟ್ರೇ, ಟೇಪ್ ತಂದಿಲ್ವಾ?" ಅಂದರು ಅಜ್ಜಿ.

ನಾನು ಕಲ್ಲಿನ ಮೇಲೆ ಕೂತೆ. ಹೈಕ್ಳಿಗೆ ಮಾರಬೇಡಿ ಅಂದೆ. "ಅಪ್ಪಂಗೆ ಅಂತವೆ. ಯಾವಪ್ಪಂಗೆ ಅಂತ ನಾನೆಲ್ ನೋಡ್ಲಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಮಾತಾಡಿದರು. ಗಂಡ ಪ್ಯಾಕೆಟ್ ಸಾರಾಯಿ ಕುಡಿದೂ ಕುಡಿದೂ ಹೋಗಿದ್ದು, ಸರ್ಕಾರ ಸಾರಾಯಿ ನಿಲ್ಲಿಸಿದ ವರ್ಷವೇ. ಅದು 2007. "ಕುಡ್ತ ಏನು ಅಂತ ನಂಗ್ ಹೇಳ್ಕೊಡಕ್ ಬಂದ್ರಾ? ಕಡ್ಲೆ ಮಿಠಾಯಿ ಮಾರುದ್ರೆ ದಿನಕ್ಕೆ ಏನ್ ಉಳೀತದೆ ಹೇಳಿ, ಲೆಕ್ಕದ್ ಮೇಷ್ಟ್ರು ನೀವು. ಮಗಿನ ಟ್ಯೂಷನ್ ದುಡ್ಡು ಬರೋದು ಈ ಸರ್‍ದಿಂದ್ಲೇ."

ನಾನು ಸುಮ್ನೆ ಕೂತಿದ್ದೆ. ತಂಬಾಕು ಕಾಯ್ದೆಯಲ್ಲಿ ಆಗ ಇದ್ದ ದಂಡ 200 ರೂಪಾಯಿವರೆಗೆ ಅಂತ ಹೇಳೋಣ ಅನ್ನಿಸಿತು. ಹೇಳಲಿಲ್ಲ. ಅವತ್ತು ಎಲೆ ಅಡಿಕೆಯನ್ನೂ ಕೊಳ್ಳಲಿಲ್ಲ. ಅಜ್ಜಿ ಅದನ್ನು ಗಮನಿಸಿದರು.

ಮುಂದಿನ ವಾರ ನೋಡಿದರೆ ಪೆಟ್ಟಿಗೆ ಅಂಗಡಿ ಮೊದಲಿದ್ದ ಜಾಗದಲ್ಲಿ ಇರಲಿಲ್ಲ. ನಾಲ್ಕು ಜನ ಸೇರಿ ಎತ್ತಿ, ಮುಂದಿನ ಹೊಂಗೆ ಮರದ ಕೆಳಗೆ ಇಟ್ಟಿದ್ದರು. ಹಳೆ ಜಾಗದಲ್ಲಿ ನಾಲ್ಕು ಕಲ್ಲಿನ ಗುರುತು ಉಳಿದಿತ್ತು. ಸರ ಹಾಗೇ ತೂಗುತ್ತಿತ್ತು. ಶಾಲೆ ಬಿಡುವ ಹೊತ್ತಿಗೆ ಮಾತ್ರ ಅದರ ಮೇಲೆ ಒಂದು ಹಳೆ ಟವೆಲ್ ಹೊದ್ದಿರುತ್ತಿತ್ತು.

ಅವತ್ತು ನೋಟ್ಸ್ ತಿದ್ದುವಾಗ ಅವಳ ಪುಸ್ತಕದ ಕೊನೇ ಪುಟದಲ್ಲಿ ಒಂದು ತ್ರಿಕೋನ ಕಾಣಿಸಿತು. ಒಂದು ಬಾಹು 60, ಇನ್ನೊಂದು 70. ವರ್ಗಗಳ ಮೊತ್ತ 8500. ಕೆಳಗೆ ಎರಡು ಗೆರೆ ಎಳೆದು 92.2 ಮೀಟರ್ ಅಂತ ಬರೆದಿದ್ದಳು. ನಾನು ತಲೆ ಎತ್ತಿ ನೋಡಿದೆ. ಅವಳು ಬೋರ್ಡಿನ ಕಡೆ ನೋಡುತ್ತಿದ್ದಳು. ಸ್ಟೆಪ್ಸ್ ಎಲ್ಲಾ ಸರಿಯಾಗಿತ್ತು. ಟಿಕ್ ಹಾಕಿ ಸಹಿ ಮಾಡಿದೆ.