ಟ್ಯೂಬ್ ತುಂಬಿದಷ್ಟೂ ಬೆಳಕು ಕಮ್ಮಿ

ಹಾಸನದ ಒಂದು ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ನಾನು ಟೆಕ್ನಿಷಿಯನ್. ಕಳೆದ ವರ್ಷ ಎಂಎಸ್ಸಿ ಮಕ್ಕಳ ಪ್ರಾಜೆಕ್ಟ್ ಒಂದು ನನ್ನ ತಲೆಗೆ ಬಿತ್ತು. ವಿಕಿರಣದ ಏಟು ಬಿದ್ದರೆ ಬೆಳಗುವ ಬ್ಯಾಕ್ಟೀರಿಯಾ, ಅದನ್ನು ಇಡೋಕೆ ಬೆಂಕಿಪೊಟ್ಟಣದಷ್ಟು ಡಬ್ಬಿ.

ಬ್ಯಾಕ್ಟೀರಿಯಾ ಅಂದ್ರೆ ಇ. ಕೋಲಿಯ ಲ್ಯಾಬ್ ತಳಿ. ಅದರ ಡಿಎನ್‌ಎ ಹಾಳಾದರೆ ರೆಕ್‌ಎ ಅನ್ನೋ ಪ್ರೋಟೀನ್ ಎಚ್ಚೆತ್ತು, ರಿಪೇರಿ ಜೀನ್‌ಗಳಿಗೆ ಬೀಗ ಹಾಕಿ ಕೂತಿರುವ ಲೆಕ್ಸ್‌ಎ ತುಂಡಾಗುವಂತೆ ಮಾಡುತ್ತದೆ. ಆ ಬೀಗದ ಹಿಂದೆ ಬೆಳಕು ಕೊಡುವ ಲಕ್ಸ್ ಜೀನ್‌ಗಳನ್ನೂ ಕೂರಿಸಿರುತ್ತಾರೆ, ಅಷ್ಟೇ.

ಪರೀಕ್ಷೆಗೆ ಡಿಎನ್‌ಎ ಹಾಳುಮಾಡುವ ಯುವಿ (ನೇರಳಾತೀತ) ದೀಪ ಬಳಸಿದೆವು. ಮೊದಲ ದಿನ ಪೆಟ್ರಿ ಡಿಶ್‌ನ ಮುಚ್ಚಳ ತೆಗೆಯೋದನ್ನೇ ಮರೆತಿದ್ದೆ, 254 ನ್ಯಾನೋಮೀಟರಿನ ಯುವಿ ಆ ಪ್ಲಾಸ್ಟಿಕ್ ದಾಟಲ್ಲ. ಅದು ಬೇಗ ಗೊತ್ತಾಯ್ತು. ಎರಡನೇ ತಪ್ಪು ಎರಡು ವಾರ ತಿಂದಿತು. ಜಾಸ್ತಿ ಬ್ಯಾಕ್ಟೀರಿಯಾ ಇದ್ದರೆ ಜಾಸ್ತಿ ಬೆಳಕು ಅಲ್ವಾ ಅಂದುಕೊಂಡು ಡಬ್ಬಿಯ ಟ್ಯೂಬ್‌ಗಳನ್ನು ಕಂಠಮಟ್ಟ ತುಂಬಿ ಬಿಗಿಯಾಗಿ ಮುಚ್ಚುತ್ತಿದ್ದೆ. ಕತ್ತಲೆ ಕೋಣೆಯಲ್ಲಿ ನೋಡಿದರೆ ಏನೂ ಇಲ್ಲ. ಮಕ್ಕಳು 'ಡೋಸ್ ಸಾಲದು' ಅಂತ ಬರೆದುಕೊಂಡರು, ಯುವಿ ಹೊತ್ತು ಹೆಚ್ಚಿಸಿದೆವು, ಪಾಪ ಇನ್ನಷ್ಟು ಸತ್ತವು.

ಒಂದು ಸಂಜೆ ತೊಳೆಯೋಕೆ ಹಾಕುವ ಮುಂಚೆ, ಲೈಟ್ ಹಾಕಿರಲಿಲ್ಲ, ಮುಚ್ಚಳ ಸಡಿಲಿಸಿ ಸ್ವಲ್ಪ ಚೆಲ್ಲಿ ಸುಮ್ನೆ ಅಲ್ಲಾಡಿಸಿದೆ. ಟ್ಯೂಬಿನ ಮೇಲ್ಭಾಗದಿಂದ ನೀಲಿ-ಹಸಿರು ಬೆಳಕು ಕೆಳಗಿಳಿಯಿತು. ಕೈ ನಿಲ್ಲಿಸಿದೆ, ಮೆಲ್ಲಗೆ ಮಂಕಾಯಿತು. ಮತ್ತೆ ಅಲ್ಲಾಡಿಸಿದೆ, ಮತ್ತೆ ಬಂತು. ಆ ಬೆಳಕಿಗೆ ಆಮ್ಲಜನಕ ಬೇಕು, ಕಿಕ್ಕಿರಿದ ಬ್ಯಾಕ್ಟೀರಿಯಾ ಇದ್ದಬದ್ದ ಗಾಳಿಯನ್ನೆಲ್ಲ ಉಸಿರಾಡಿ ಮುಗಿಸಿದ್ದವು!

ಆಮೇಲೆ ಡಬ್ಬಿಯಲ್ಲಿ ಹೋಲಿಸಿ ನೋಡೋಕೆ ಜೊತೆಗೆ ಇನ್ನೊಂದು ಟ್ಯೂಬ್ ಇಟ್ಟೆವು, ಏಟು ಬೀಳದಿದ್ದರೂ ಯಾವಾಗಲೂ ಬೆಳಗುವ ತಳಿಯದ್ದು. ಅದೂ ಮಂಕಾದರೆ ತಪ್ಪು ನಮ್ಮ ಡಬ್ಬಿಯದ್ದು, ಡೋಸಿನದ್ದಲ್ಲ. ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾದ ದಿನ ಅದೇ ನಮ್ಮನ್ನು ಕಾಪಾಡಿತು. ಮೊದಲ ದಿನವೇ ಇಡಬೇಕಿತ್ತು, ನನ್ನದೇ ಸೋಮಾರಿತನ.

ಚಿಕ್ಕಮಗಳೂರಿನಲ್ಲಿ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವ ನಮ್ಮಕ್ಕ, ಮೈಗೆ ಬಿದ್ದ ವಿಕಿರಣ ಅಳೆಯೋ ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಳ್ಳುವವಳು, ಕೇಳಿದಳು, "ಹಂಗಾದ್ರೆ ನನ್ನ ಟಿಎಲ್‌ಡಿ ಬ್ಯಾಡ್ಜ್ ಬಿಸಾಕ್ಲಾ?" ಬೇಡ ಕಣೇ ಅಂದೆ. ಬ್ಯಾಡ್ಜ್ ಮೂರು ತಿಂಗಳ ಸಣ್ಣ ಸಣ್ಣ ಡೋಸನ್ನೂ ಕೂಡಿಟ್ಟುಕೊಳ್ಳುತ್ತದೆ. ನಮ್ಮ ಬ್ಯಾಕ್ಟೀರಿಯಾ ಏಟು ರಿಪೇರಿ ಮಾಡಿಕೊಂಡು ಮರೆತುಬಿಡುತ್ತವೆ, ಮೇಲಾಗಿ ಅವುಗಳ ಡಿಎನ್‌ಎಗೇ ಏಟು ಕೊಡುವ ಆಂಟಿಬಯಾಟಿಕ್ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಯ ಪುಡಿ ಹಾಕಿದರೂ ವಿಕಿರಣ ಬಂತು ಅನ್ನೋ ಹಾಗೆ ಬೆಳಗುತ್ತವೆ.

ಈಗ ನಮ್ಮ ಟ್ಯೂಬ್‌ಗಳ ಮೇಲೆ ಅರ್ಧಕ್ಕೆ ಮಾರ್ಕರ್ ಗೆರೆ ಇದೆ.