ಇಷ್ಟು ದೊಡ್ಡ ತಟ್ಟೆಗೆ ಇಷ್ಟು ಚಿಕ್ಕ ಚಿತ್ರ ಯಾಕೆ?

ಮನೆಯಲ್ಲಿ ನಾನು ಮಾಡಿರುವ ಮೆಕ್ಯಾನಿಕಲ್ ಟಿವಿ ನೋಡಿದವರೆಲ್ಲ ಕೇಳುವುದು ಇದೊಂದೇ. "ತಟ್ಟೆ ಒಂದಡಿ ಅಗಲ ಇದೆ, ಚಿತ್ರ ಮಾತ್ರ ಅಂಚೆಚೀಟಿಯಷ್ಟು. ಸ್ವಲ್ಪ ದೊಡ್ಡದು ಮಾಡಬಹುದಿತ್ತಲ್ವಾ?"

ಮೊದಲು ಯಂತ್ರ ಏನು ಅಂತ ಹೇಳಿಬಿಡುತ್ತೇನೆ. ಬರ್ಲಿನ್‌ನಲ್ಲಿ ಓದುತ್ತಿದ್ದ ಪಾಲ್ ನಿಪ್ಕೋ ಎಂಬ ವಿದ್ಯಾರ್ಥಿ 1884ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಒಂದು ದುಂಡನೆಯ ತಟ್ಟೆ, ಅಂಚಿನ ಹತ್ತಿರ ಸುರುಳಿಯಾಗಿ ಕೊರೆದ ಸಣ್ಣ ಸಣ್ಣ ತೂತುಗಳು. ತಟ್ಟೆ ತಿರುಗಿದಾಗ ಮೊದಲ ತೂತು ಒಂದು ಗೆರೆ ಎಳೆಯುತ್ತದೆ, ಎರಡನೆಯದು ಅದಕ್ಕೆ ಅಂಟಿಕೊಂಡೇ ಇನ್ನೊಂದು ಗೆರೆ, ಹೀಗೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಇಡೀ ಚಿತ್ರ ಮುಗಿದಿರುತ್ತದೆ. ಹಿಂದೆ ಇರುವುದು ಒಂದೇ ದೀಪ. ಚಿತ್ರದ ಯಾವ ಚುಕ್ಕೆ ಬರುತ್ತದೋ ಅದಕ್ಕೆ ತಕ್ಕಂತೆ ಅದು ಜಾಸ್ತಿ ಕಡಿಮೆ ಉರಿಯುತ್ತದೆ. ಮಾಮೂಲಿ ಬಲ್ಬಿನ ತಂತಿ ಅಷ್ಟು ಬೇಗ ಆರುವುದಿಲ್ಲ, ಅದಕ್ಕೇ ಆಗ ನಿಯಾನ್ ದೀಪ ಬಳಸುತ್ತಿದ್ದರು. ನಾನು ಎಲ್‌ಇಡಿ ಹಾಕಿ ಮುಂದೆ ಟ್ರೇಸಿಂಗ್ ಪೇಪರ್ ಕಟ್ಟಿದ್ದೇನೆ.

ಈಗ ಉತ್ತರ. ನೋಡುವ ಕಿಟಕಿಯೊಳಗೆ ಒಂದು ಸಲಕ್ಕೆ ಒಂದೇ ತೂತು ಇರಬೇಕು. ಎರಡು ಬಂದರೆ ಒಂದೇ ಬೆಳಕು ಎರಡು ಕಡೆ ಕಂಡು ಚಿತ್ರ ಕೆಡುತ್ತದೆ. ಅಂದರೆ ಚಿತ್ರದ ಒಂದು ಬದಿ ಅಕ್ಕಪಕ್ಕದ ಎರಡು ತೂತುಗಳ ಅಂತರವನ್ನು ಮೀರುವ ಹಾಗಿಲ್ಲ. ನನ್ನ ತಟ್ಟೆಯಲ್ಲಿ 30 ತೂತು. ತೀರಾ ಹೊರಗಿನದು ನಡುವಿನಿಂದ 140 ಮಿ.ಮೀ. ದೂರದಲ್ಲಿದೆ, ಅಲ್ಲಿ ಸುತ್ತಳತೆ ಸುಮಾರು 880 ಮಿ.ಮೀ. ಅದನ್ನು 30ರಿಂದ ಭಾಗಿಸಿ. 29 ಚಿಲ್ಲರೆ ಬರುತ್ತದೆ, ಅಷ್ಟೇ ಜಾಗ ಸಿಗುವುದು. ಇನ್ನೊಂದು ಬದಿ 30 ಗೆರೆ, ಗೆರೆಗೊಂದು ಮಿ.ಮೀ. ಇಡೀ ತಟ್ಟೆ ತಿರುಗುವುದು ಆ ಪುಟ್ಟ ಚೌಕಕ್ಕಾಗಿ. ಗೆರೆ ಜಾಸ್ತಿ ಮಾಡೋಣ ಅಂತ 60 ತೂತು ಕೊರೆದರೆ ಅಂತರ ಅರ್ಧಕ್ಕೆ ಇಳಿಯುತ್ತದೆ, ಚಿತ್ರ ಇನ್ನೂ ಚಿಕ್ಕದು! ಬೆಳಕಿನ ಕಥೆಯೂ ಹಾಗೇ. ಈಗಲೇ ಯಾವ ಕ್ಷಣದಲ್ಲಿ ನೋಡಿದರೂ ಕಿಟಕಿಯ ಸುಮಾರು 900ರಲ್ಲಿ ಒಂದು ಪಾಲಿನಿಂದ ಮಾತ್ರ ಬೆಳಕು ಹೊರಗೆ ಬರುತ್ತಿರುತ್ತದೆ.

ಇಂಥದ್ದೇ ತಟ್ಟೆಯಿಂದ ಟಿವಿ ಮಾಡಿದ ಸ್ಕಾಟ್ಲೆಂಡಿನ ಸಂಶೋಧಕ ಜಾನ್ ಲೋಗಿ ಬೇರ್ಡ್ 1926ರ ಜನವರಿ 26ರಂದು ಲಂಡನ್ನಿನ ಫ್ರಿತ್ ಸ್ಟ್ರೀಟಿನಲ್ಲಿ ತೋರಿಸಿದ್ದೂ 30 ಗೆರೆಗಳ ಚಿತ್ರವನ್ನೇ. 1930ರಲ್ಲಿ ಅಂಗಡಿಗೆ ಬಂದ ಅವರ ಟೆಲಿವೈಸರ್‌ನಲ್ಲಿ ಸುಮಾರು 20 ಇಂಚಿನ ತಟ್ಟೆ ಇತ್ತು, ಚಿತ್ರದ ಎತ್ತರ ಎರಡು ಇಂಚಿನ ಆಸುಪಾಸು. ಜನ ಅದನ್ನು ಲೆನ್ಸ್ ಮೂಲಕ ನೋಡುತ್ತಿದ್ದರು. ಆದರೆ ಚಿಕ್ಕ ಚಿತ್ರಕ್ಕೆ ಒಂದು ದೊಡ್ಡ ಅನುಕೂಲ ಇದೆ. ಸೆಕೆಂಡಿಗೆ ಹನ್ನೆರಡೂವರೆ ಸುತ್ತು ತಿರುಗಿಸಿದರೆ ನನ್ನ ಯಂತ್ರಕ್ಕೆ ಬೇಕಾಗುವುದು ಹನ್ನೊಂದು ಸಾವಿರ ಚಿಲ್ಲರೆ ಚುಕ್ಕೆ, ಅಂದರೆ ಹಾಡಿನ ಫೈಲಿನಲ್ಲಿ ಆರಾಮಾಗಿ ಹಿಡಿಸುವಷ್ಟು. ನಾನು ಚಿತ್ರ ಕಳಿಸುವುದು ಹೆಡ್‌ಫೋನ್ ತೂತಿನಿಂದಲೇ. ಬಿಬಿಸಿ 1929ರಿಂದ ಮಾಮೂಲಿ ರೇಡಿಯೋ ಟ್ರಾನ್ಸ್‌ಮಿಟರ್‌ನಲ್ಲೇ ಬೇರ್ಡ್ ಚಿತ್ರ ಕಳಿಸಲು ಆಗಿದ್ದೂ ಇದಕ್ಕೇ.

1936ರ ನವೆಂಬರಿನಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಬೇರ್ಡ್ ಅವರ ಎದುರಾಳಿ ಕಂಪನಿ ಮಾರ್ಕೋನಿ-ಇಎಂಐ 405 ಗೆರೆಗಳ ಚಿತ್ರ ಕೊಡಲು ಶುರುಮಾಡಿತು. ಅಷ್ಟು ಗೆರೆ ತೂತಿನ ತಟ್ಟೆಯಲ್ಲಿ ಬೇಕು, ಚಿತ್ರದ ಬದಿ ನನ್ನದರಷ್ಟೇ ಇರಲಿ ಅಂದುಕೊಳ್ಳಿ. ತಟ್ಟೆ ಹೆಚ್ಚುಕಡಿಮೆ 4 ಮೀಟರ್ ಅಗಲ ಆಗಬೇಕು, ಸೆಕೆಂಡಿಗೆ 25 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 1,000 ಕಿ.ಮೀ. ದಾಟುತ್ತದೆ. ಹಾಲ್‌ನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ ಹೇಳಿ? ಮಾರ್ಕೋನಿ-ಇಎಂಐ ಚಿತ್ರದ ಗೆರೆ ಎಳೆಯುತ್ತಿದ್ದುದು ಗಾಜಿನ ಕೊಳವೆಯೊಳಗಿನ ಎಲೆಕ್ಟ್ರಾನ್ ಕಿರಣ, ಅದಕ್ಕೆ ತಿರುಗಿಸಬೇಕಾದ ತಟ್ಟೆಯೇ ಇಲ್ಲ. ಆ ಪೈಪೋಟಿಯಲ್ಲಿ ಬೇರ್ಡ್ ಸೋತಿದ್ದು ಜಾಣತನ ಕಡಿಮೆಯಾಗಿ ಅಲ್ಲ, ಈ ಭಾಗಾಕಾರ ಅವರ ಕೈ ಕಟ್ಟಿಹಾಕಿತ್ತು ಅಂತಲೇ ನಾನು ನಂಬಿದ್ದೇನೆ.

ಇರುವುದೇ 30 ಗೆರೆ, ಹಾಗಾಗಿ ಒಂದೊಂದು ತೂತಿಗೂ ಬೆಲೆ ಇದೆ. 12 ಡಿಗ್ರಿಗೊಂದು ತೂತು, ಪ್ರತಿಯೊಂದೂ ಹಿಂದಿನದಕ್ಕಿಂತ ಒಂದು ಮಿ.ಮೀ. ಒಳಗೆ. ಕಂಪ್ಯೂಟರಿನಲ್ಲಿ ನಕ್ಷೆ ಬರೆದು ಪ್ರಿಂಟ್ ತೆಗೆದು ಅಲ್ಯೂಮಿನಿಯಂ ಶೀಟಿಗೆ ಅಂಟಿಸಿ, ಪಂಚ್‌ನಿಂದ ಗುರುತು ಹಾಕಿ. ಪಿಸಿಬಿ, ಅಂದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಕೂರಿಸುವ ಹಲಗೆ, ಕೊರೆಯುವ ಒಂದು ಮಿ.ಮೀ. ಬಿಟ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಕೈ ಸ್ವಲ್ಪ ಅಲುಗಿದರೂ ಟಕ್ ಅಂತ ಮುರಿಯುವ ವಸ್ತು ಅದು, ಡ್ರಿಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿಯೇ ಕೊರೆಯಿರಿ. ಕೊರೆದ ಮೇಲೆ ಹಿಂಬದಿಯಲ್ಲಿ ಲೋಹ ಚೂಪಾಗಿ ಎದ್ದಿರುತ್ತದೆ, ಬೆರಳಿಗೆ ತಗಲುತ್ತದೆ. ದಪ್ಪ ಬಿಟ್ ಒಂದನ್ನು ಬೆರಳಲ್ಲೇ ತಿರುಗಿಸಿ ಅದನ್ನು ತೆಗೆಯಬೇಕು. ಆಮೇಲೆ ಹೊಳಪಿಲ್ಲದ ಕಪ್ಪು ಬಣ್ಣ, ತೂತು ಮುಚ್ಚದಂತೆ ತೆಳ್ಳಗೆ.

ಖಾಲಿ ಬಿಳಿ ಬೆಳಕು ಹಾಕಿ ತಿರುಗಿಸಿದರೆ ತಟ್ಟೆಯೇ ತನ್ನ ಜಾತಕ ಹೇಳುತ್ತದೆ. ಕಪ್ಪು ಗೆರೆ ಕಂಡರೆ ಆ ಎರಡು ತೂತುಗಳ ದಾರಿಯ ಮಧ್ಯೆ ಸಂದು ಬಿಟ್ಟಿದೆ, ಇಲ್ಲವೇ ಒಂದು ತೂತಿಗೆ ಕಸ ಕೂತಿದೆ. ಬೆಳ್ಳನೆಯ ಗೆರೆಯಾದರೆ ದಾರಿಗಳು ಒಂದರ ಮೇಲೊಂದು ಬಿದ್ದಿವೆ. ಅಂಚಿನಿಂದ ಗೆರೆ ಎಣಿಸಿದರೆ ಯಾವ ತೂತು ಅಂತ ಗೊತ್ತಾಗುತ್ತದೆ.

ದೊಡ್ಡ ಚಿತ್ರವೇ ಬೇಕು ಅನ್ನುವವರು ಎದುರಿಗೆ ಒಂದು ಭೂತಗನ್ನಡಿ ಇಡಿ, ಸುಲಭ. ಇನ್ನೂ ಮುಂದೆ ಹೋಗುವವರಿಗೆ ಕನ್ನಡಿ ಡ್ರಮ್ ಇದೆ. ಗೆರೆಗೊಂದು ಕನ್ನಡಿ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪ ಬೇರೆ ಕೋನದಲ್ಲಿ ಕೂರಿಸಿದರೆ ಚಿತ್ರ ಪರದೆಯ ಮೇಲೆ ಬೀಳುತ್ತದೆ. ಆದರೆ ಮೊದಲು 30 ತೂತಿನ ತಟ್ಟೆ ಮಾಡಿ, ಕನ್ನಡಿ ಆಮೇಲೆ.