ಹಿಮದ ದಾರಿ: ಬೆಳಗಿನ ಜಾವ ಒಂದು, ಮಧ್ಯಾಹ್ನ ಇನ್ನೊಂದು

ಬಳ್ಳಾರಿಯಿಂದ ಚಳಿಗಾಲದ ಟ್ರೆಕ್ಕಿಂಗ್‌ಗೆ ತಂಡ ಕರೆದುಕೊಂಡು ಹೋಗುವುದು ನನ್ನ ಕೆಲಸ. ಹೆಚ್ಚಾಗಿ ಹೋಗುವುದು ಉತ್ತರಾಖಂಡದ ಕೇದಾರಕಂಠಕ್ಕೆ, ಸುಮಾರು 12,500 ಅಡಿ. ಹೊರಡುವ ಮುಂಚೆ ಎಲ್ಲರೂ ಕೇಳುವುದು ಎರಡೇ: ಚಳಿ ಎಷ್ಟಿರುತ್ತೆ, ಹಿಮ ಸಿಗುತ್ತಾ? ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನವರು ಹಾಗೆ ಕೇಳುವುದು ಸಹಜ ಅಲ್ವಾ. ಆದರೆ ಟ್ರೆಕ್ ಶುರುವಾಗುವ ಸಾಂಕ್ರಿ ಹಳ್ಳಿಯ ಗೈಡ್‌ಗೆ ಫೋನ್ ಮಾಡಿದಾಗ ನಾನು ಕೇಳುವುದೇ ಬೇರೆ. ಕೊನೆಯ ಸಲ ಹಿಮ ಬಿದ್ದಿದ್ದು ಯಾವಾಗ? ಆಮೇಲೆ ಜನ ಆ ದಾರಿ ತುಳಿದಿದ್ದಾರಾ? ರಾತ್ರಿ ಮೋಡ ಇತ್ತಾ?

ಇಷ್ಟು ತಿಳಿದರೆ ಕಾಲಿಗೆ ಏನು ಕಟ್ಟಬೇಕು ಅಂತ ತೀರ್ಮಾನವಾಗುತ್ತದೆ. ಯಾರೂ ತುಳಿಯದ ಹೊಸ ಹಿಮದಲ್ಲಿ ಕಾಲು ಮೊಣಕಾಲಿನವರೆಗೂ ಹೂತುಹೋಗಬಹುದು. ಅಲ್ಲಿ ಸ್ನೋಶೂ ಬೇಕು. ಅದರ ಅಗಲ ತಳ ಮೈಭಾರವನ್ನು ಹರಡುತ್ತದೆ, ಹೆಜ್ಜೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಜನ ತುಳಿದ ದಾರಿಯಲ್ಲಿ ಅದು ಸುಮ್ನೆ ಭಾರ. ಅಲ್ಲಿ ಹಗಲು ಬಿಸಿಲಿಗೆ ಮೇಲ್ಪದರ ಕರಗುತ್ತದೆ, ಮೋಡವಿಲ್ಲದ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಬೆಳಗಿನ ಜಾವ ಶಿಖರಕ್ಕೆ ಹೊರಟಾಗ ಟಾರ್ಚ್ ಬೆಳಕಿಗೆ ದಾರಿ ಮಿರಮಿರ ಮಿಂಚಿದರೆ ಅದು ಬರೀ ಮಂಜುಗಡ್ಡೆ. ಬೂಟಿನ ತಳಕ್ಕೆ ಮೈಕ್ರೋಸ್ಪೈಕ್, ಅಂದರೆ ಸಣ್ಣ ಲೋಹದ ಮುಳ್ಳುಗಳ ಪಟ್ಟಿ, ಇಲ್ಲದೆ ಒಂದು ಹೆಜ್ಜೆಯನ್ನೂ ಇಡಲು ಬಿಡುವುದಿಲ್ಲ.

ಅದೇ ದಾರಿ ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗಿರುತ್ತದೆ. ಆಗ ಒದ್ದೆ ಹಿಮ ಸ್ಪೈಕ್‌ಗಳ ನಡುವೆ ಉಂಡೆ ಕಟ್ಟುತ್ತದೆ, ಮಳೆ ಬಂದ ಎರೆ ಹೊಲದಲ್ಲಿ ನಡೆದರೆ ಚಪ್ಪಲಿಗೆ ಮಣ್ಣು ಹತ್ತುವ ಹಾಗೆ. ಮುಳ್ಳು ಹಿಮದೊಳಗೇ ಮುಚ್ಚಿಹೋಗಿ ಹಿಡಿತ ತಪ್ಪುತ್ತದೆ. ನಾಲ್ಕು ಹೆಜ್ಜೆಗೊಮ್ಮೆ ಕೋಲಿನಿಂದ ಬೂಟಿನ ಬದಿಗೆ ತಟ್ಟಿ ಉದುರಿಸಬೇಕು. ಸುಸ್ತಾದವರಿಗೆ ಇದು ಬೇಸರದ ಕೆಲಸ, ಬಿಟ್ಟುಬಿಡುತ್ತಾರೆ. ಅದಕ್ಕೇ ಇಳಿಯುವಾಗ ನಾನು ಎಲ್ಲರ ಹಿಂದೆ ಇರುತ್ತೇನೆ, ಪ್ರತಿಯೊಬ್ಬರ ಬೂಟಿನ ತಳ ಕಾಣುತ್ತದೆ.

ಇಳಿಯುವ ಅಭ್ಯಾಸಕ್ಕೆ ಹಿಮಾಲಯವೇ ಬೇಕಿಲ್ಲ. ಸಂಡೂರು ಬೆಟ್ಟದಲ್ಲಿ ಸಡಿಲವಾದ ಕೆಂಪು ಜಲ್ಲಿಯ ಇಳಿಜಾರುಗಳಿವೆ, ತಂಡವನ್ನು ಮೊದಲು ಅಲ್ಲಿಗೆ ಕರೆದೊಯ್ಯುತ್ತೇನೆ. ಹೆದರಿದವರು ಮೈಯನ್ನು ಹಿಂದಕ್ಕೆ ವಾಲಿಸುತ್ತಾರೆ, ತಕ್ಷಣ ಕಾಲು ಜಾರುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ, ಭಾರವನ್ನು ಪಾದದ ಮೇಲೇ ಇಡುವುದು ಅಲ್ಲಿ ರೂಢಿಯಾದರೆ ಹಿಮದಲ್ಲೂ ಮೈಗೆ ನೆನಪಿರುತ್ತದೆ. ಬನಿಯನ್ ಹತ್ತಿಯದು ಬೇಡ ಅನ್ನುವುದನ್ನೂ ಅಲ್ಲೇ ಹೇಳುತ್ತೇನೆ. ಬೆವರು ಹೀರಿದ ಹತ್ತಿ ಬಟ್ಟೆ ಬೇಗ ಒಣಗುವುದಿಲ್ಲ, ನಿಂತ ಕೂಡಲೇ ಚಳಿ ಜಾಸ್ತಿ ಹಿಡಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಜೋರಾಗಿ ಹಿಮ ಬಿದ್ದ ಮೊದಲ ಒಂದೆರಡು ದಿನ ಕಡಿದಾದ ಇಳಿಜಾರು ದಾಟಿಸುವುದಿಲ್ಲ. 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಹಿಮಕುಸಿತ ಹೆಚ್ಚು. ವರ್ಷವಿಡೀ ದುಡ್ಡು ಕೂಡಿಟ್ಟು, ಗುಂತಕಲ್‌ನಲ್ಲಿ ದಿಲ್ಲಿ ರೈಲು ಹತ್ತಿ ಬಂದವರಿಗೆ ಶಿಖರ ಕಣ್ಣೆದುರೇ ಇರುವಾಗ ವಾಪಸ್ ಹೋಗೋಣ ಅನ್ನುವುದು ಕಷ್ಟ. ಹಾಗಾಗಿ ಈ ಮಾತನ್ನು ಬಳ್ಳಾರಿಯಲ್ಲೇ, ಮುಂಗಡ ತೆಗೆದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ಒಪ್ಪದವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ.